ಗ್ರೀಸ್ ಪ್ರವಾಸ: ಮೊದಲು ಹಡಗು, ಆಮೇಲೆ ಹೋಟೆಲ್

ಗ್ರೀಸ್‌ಗೆ ಹೊರಟ ನೆಂಟರು, ಸ್ನೇಹಿತರು ತೋರಿಸುವ ಪ್ಲಾನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ಎಂಟು ದಿನ, ಐದು ದ್ವೀಪ. ಸ್ಯಾಂಟೊರಿನಿ, ಮಿಕೊನೊಸ್, ಕ್ರೀಟ್, ಜಾಕಿಂಥೊಸ್, ಕಾರ್ಫು. ಮೊಬೈಲ್ ಮ್ಯಾಪಿನಲ್ಲಿ ಎಲ್ಲವೂ ಗೇಣುದ್ದದೊಳಗೆ ಕಾಣುತ್ತವೆ. ಆದರೆ ಕಾರ್ಫು, ಜಾಕಿಂಥೊಸ್ ಇರುವುದು ಪಶ್ಚಿಮದ ಅಯೋನಿಯನ್ ಸಮುದ್ರದಲ್ಲಿ, ಸ್ಯಾಂಟೊರಿನಿ ಇರುವುದು ಪೂರ್ವದ ಏಜಿಯನ್‌ನಲ್ಲಿ. ನಡುವೆ ಇಡೀ ದೇಶವೇ ಅಡ್ಡ ಮಲಗಿದೆ. ಕ್ರೀಟ್ ಒಂದೇ ಉದ್ದಕ್ಕೆ 260 ಕಿಲೋಮೀಟರ್ ಇದೆ, ಅದಕ್ಕೆ ಬೇರೆಯೇ ಒಂದು ವಾರ ಬೇಕು. ಮೊದಲ ಸಲ ಹೋಗುವವರು ಹತ್ತು ರಾತ್ರಿಗೆ ಎರಡೇ ದ್ವೀಪ ಮತ್ತು ಅಥೆನ್ಸ್ ಇಟ್ಟುಕೊಳ್ಳಿ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ಹಂತ 1: ತಿಂಗಳು

ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲು, ಜನ, ಗಾಳಿ ಮೂರೂ ಆಗಲೇ ಹೆಚ್ಚು. ಆಗಸ್ಟ್ 15ರ ಕನ್ಯಾ ಮರಿಯಮ್ಮನ ಹಬ್ಬಕ್ಕೆ ಗ್ರೀಕರೆಲ್ಲ ಊರಿಗೆ ಹೊರಡುವುದರಿಂದ ಹಡಗುಗಳು ತುಂಬಿರುತ್ತವೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್ ರಜೆಗಿಂತ ನಮ್ಮ ದಸರಾ ರಜೆಯೇ ಮೇಲು. ಏಪ್ರಿಲ್‌ನಲ್ಲಿ ಸಮುದ್ರ ಇನ್ನೂ ತಣ್ಣಗಿರುತ್ತದೆ, ಅಕ್ಟೋಬರ್ ಮೊದಲ ವಾರದಲ್ಲೂ ನೀರಿಗೆ ಹಿತವಾಗಿ ಇಳಿಯಬಹುದು. ಅಕ್ಟೋಬರ್ ಮುಗಿಯುತ್ತಿದ್ದಂತೆ ದ್ವೀಪಗಳಲ್ಲಿ ಹೋಟೆಲ್‌ಗಳು ಬಾಗಿಲು ಹಾಕತೊಡಗುತ್ತವೆ.

ಹಂತ 2: ಹಡಗು

ಎಲ್ಲರೂ ಎಡವುವುದು ಇಲ್ಲಿ. ಹೋಟೆಲ್ ಅಗ್ಗಕ್ಕೆ ಸಿಕ್ಕಿತೆಂದು ಮೊದಲೇ ಬುಕ್ ಮಾಡಿ, ಆಮೇಲೆ ಆ ದಿನ ಹಡಗು ಇದೆಯೇ ಎಂದು ಹುಡುಕುತ್ತಾರೆ.

ಹಡಗುಗಳು ನಮ್ಮ ಬಸ್ಸಿನ ಹಾಗೆ ರೂಟ್ ಹಿಡಿದು ಓಡುತ್ತವೆ. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಪಾರೊಸ್, ನಾಕ್ಸೊಸ್, ಸ್ಯಾಂಟೊರಿನಿ ಒಂದು ಸಾಲು. ಸಿಫ್ನೊಸ್, ಮಿಲೊಸ್ ಇನ್ನೊಂದು ಸಾಲು. ಆಂಡ್ರೊಸ್, ಟಿನೊಸ್, ಮಿಕೊನೊಸ್‌ಗೆ ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ರಫಿನಾ ಬಂದರಿನಿಂದಲೂ ಹಡಗುಗಳಿವೆ. ಎರಡೂ ದ್ವೀಪಗಳನ್ನು ಒಂದೇ ಸಾಲಿನಿಂದ ಆರಿಸಿಕೊಳ್ಳಿ. ನನ್ನ ಆಯ್ಕೆ ನಾಕ್ಸೊಸ್‌ನಲ್ಲಿ ನಾಲ್ಕು ರಾತ್ರಿ, ಸ್ಯಾಂಟೊರಿನಿಯಲ್ಲಿ ಎರಡು. ಸ್ಯಾಂಟೊರಿನಿಯ ಜ್ವಾಲಾಮುಖಿಯ ಕಡಿದಾದ ಅಂಚನ್ನು ನೋಡಲು ಎರಡು ದಿನ ಸಾಕು. ಮನಸ್ಸು ನಿಲ್ಲುವುದು ನಾಕ್ಸೊಸ್‌ನಲ್ಲಿ: ಮರಳಿನ ತೀರ, ಬೆಟ್ಟದ ಹಳ್ಳಿಗಳು, ಬಂದರಿಗೆ ಕಾಲಿಡುವಾಗಲೇ ಕಾಣುವ, ಪೂರ್ತಿಯಾಗದೆ ಉಳಿದ ಅಪೊಲೊ ದೇಗುಲದ ಅಮೃತಶಿಲೆಯ ಬಾಗಿಲು.

ಹಡಗಿನಲ್ಲಿ ಎರಡು ಬಗೆ. ದೊಡ್ಡ ಹಡಗು ನಿಧಾನ, ಅಗ್ಗ. ಪಿರೇಯಸ್‌ನಿಂದ ನಾಕ್ಸೊಸ್‌ಗೆ ಐದು ಗಂಟೆಯ ಮೇಲೆ, ಸ್ಯಾಂಟೊರಿನಿಗೆ ಸುಮಾರು ಎಂಟು ಗಂಟೆ. ಕ್ಯಾಟಮರನ್ ಎಂಬ ವೇಗದ ಹಡಗು ಬೇಗ ಮುಟ್ಟಿಸುತ್ತದೆ. ಆದರೆ ಒಳಗೇ ಕೂತಿರಬೇಕು, ಅಲೆಗೆ ಕುಲುಕಾಟ ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಅದನ್ನು ಹತ್ತಲೇಬೇಡಿ. ದೊಡ್ಡ ಹಡಗಿನ ತೆರೆದ ಡೆಕ್‌ನಲ್ಲಿ ಕೂತು ದ್ವೀಪಗಳು ಒಂದೊಂದಾಗಿ ಎದುರಾಗುವುದನ್ನು ನೋಡುವುದೇ ಈ ಪ್ರವಾಸದ ಅರ್ಧ ಸುಖ.

ಫೆರಿಹಾಪರ್‌ನಂಥ ಜಾಲತಾಣದಲ್ಲಿ ನಿಮ್ಮ ತಾರೀಖು ಹಾಕಿ. ಆರೇಳು ತಿಂಗಳು ಮೊದಲೇ ನೋಡಿದರೆ ಪಟ್ಟಿ ಖಾಲಿ ಕಾಣಬಹುದು. ಹಡಗಿಲ್ಲ ಎಂದಲ್ಲ, ಆ ಋತುವಿನ ವೇಳಾಪಟ್ಟಿ ಇನ್ನೂ ಬಂದಿಲ್ಲ ಎಂದರ್ಥ. ಕಾಯಿರಿ.

ಇನ್ನು ಗಾಳಿ. ಬೇಸಿಗೆಯಲ್ಲಿ ಏಜಿಯನ್ ಮೇಲೆ ಉತ್ತರದಿಂದ ಮೆಲ್ತೆಮಿ ಎಂಬ ಒಣ ಗಾಳಿ ಬೀಸುತ್ತದೆ. ಆಕಾಶ ತಿಳಿನೀಲಿ, ಒಂದು ತುಣುಕು ಮೋಡವಿಲ್ಲ, ಆದರೂ ಹಡಗು ಹೊರಡುವುದಿಲ್ಲ. ಮೊದಲು ನಿಲ್ಲುವುದು ಕ್ಯಾಟಮರನ್‌ಗಳು. ನಮ್ಮ ಅಕ್ಕನ ಮನೆಯವರು ಸ್ಯಾಂಟೊರಿನಿಯಿಂದ ಸಂಜೆಗೆ ಪಿರೇಯಸ್ ತಲುಪಿ, ಅದೇ ರಾತ್ರಿ ವಿಮಾನ ಹತ್ತುವುದೆಂದು ಲೆಕ್ಕ ಹಾಕಿದ್ದರು. ಗಾಳಿ ಎದ್ದಿತು, ಹಡಗು ರದ್ದಾಯಿತು. ಆ ಟಿಕೆಟ್ಟಿನ ಹಣ ವಾಪಸ್ ಬಂತು. ಆದರೆ ವಿಮಾನದ ನಾಲ್ಕು ಟಿಕೆಟ್ ಹೋಯಿತು. ಆದ್ದರಿಂದ ಅಥೆನ್ಸ್ ನೋಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಇಳಿದ ದಿನ ಅಲ್ಲೊಂದು ರಾತ್ರಿ ಮಲಗಿ, ಬೆಳಗ್ಗೆ ಹಡಗು ಹತ್ತಿ. ಹಿಂದಿರುಗಿ ಬಂದು ಮೂರು ರಾತ್ರಿ ಇರಿ. ಗಾಳಿ ಒಂದು ದಿನ ಕಿತ್ತುಕೊಂಡರೂ ಇನ್ನೆರಡು ಕೈಯಲ್ಲಿರುತ್ತವೆ.

ಪಿರೇಯಸ್ ದೊಡ್ಡ ಬಂದರು. ಇ1ರಿಂದ ಇ12ರವರೆಗೆ ಗೇಟುಗಳಿವೆ, ಹಡಗು ಯಾವ ಗೇಟಿನದೆಂದು ಹಿಂದಿನ ದಿನವೇ ನೋಡಿಕೊಳ್ಳಿ, ಒಂದು ಗಂಟೆ ಮೊದಲು ಅಲ್ಲಿರಿ. 2022ರ ಅಕ್ಟೋಬರ್‌ನಿಂದ ವಿಮಾನ ನಿಲ್ದಾಣದಿಂದಲೇ ನೀಲಿ ಮೆಟ್ರೋ ನೇರ ಬಂದರಿಗೆ ಹೋಗುತ್ತದೆ, ಹಾಗಾಗಿ ಟ್ಯಾಕ್ಸಿ ಬೇಕಿಲ್ಲ. ಹಡಗಿನ ಕೆಳ ಅಂತಸ್ತಿನಲ್ಲಿ ದ್ವೀಪಗಳ ಹೆಸರು ಬರೆದ ಕಪಾಟುಗಳಿರುತ್ತವೆ. ಸೂಟ್‌ಕೇಸನ್ನು ನಿಮ್ಮ ದ್ವೀಪದ ಕಪಾಟಿನಲ್ಲೇ ಇಡಿ. ದ್ವೀಪದಲ್ಲಿ ಹಡಗು ನಿಲ್ಲುವುದು ಕೆಲವೇ ನಿಮಿಷ. ಹೆಸರು ಕೂಗಿದ ತಕ್ಷಣ ಕೆಳಗಿಳಿದು ಸಿದ್ಧರಾಗಿ, ಹಡಗು ದಡ ಮುಟ್ಟಲಿ ಎಂದು ಕಾಯಬೇಡಿ.

ಸೂಟ್‌ಕೇಸ್ ಅಂದೆನಲ್ಲ, ನಾಲ್ಕು ಪುಟ್ಟ ಗಾಲಿಯ ದೊಡ್ಡ ಟ್ರಾಲಿ ಅಲ್ಲಿ ಪೂರ್ತಿ ದಂಡ. ಕಲ್ಲುಹಾಸಿನ ಓಣಿ, ಮೆಟ್ಟಿಲುಗಳ ಮೇಲೆ ಗಾಲಿ ಕಿತ್ತುಬರುತ್ತದೆ. ಬೆನ್ನಿಗೆ ಹಾಕುವ ಚೀಲ ಒಯ್ಯಿರಿ.

ಹಂತ 3: ವೀಸಾ

ಬೇಕಿರುವುದು ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಶೆಂಗೆನ್ ವೀಸಾ. ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದಿರಬಾರದು. ಮೂರು ತಿಂಗಳು ಮೊದಲೇ ಹಾಕಿಬಿಡಿ. ದೊಡ್ಡವರಿಗೆ ಶುಲ್ಕ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದಾಗಿರಬೇಕು, ಅಲ್ಲಿರುವಷ್ಟೂ ದಿನಕ್ಕೆ ಅನ್ವಯಿಸಬೇಕು. ಜೊತೆಗೆ ಇಟಲಿಯನ್ನೂ ನೋಡುವುದಿದ್ದರೆ, ಎಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ. ಅರ್ಜಿಯ ಜೊತೆ ತೋರಿಸಲು ಕೆಲವು ಏಜೆಂಟರು ನಕಲಿ ಹೋಟೆಲ್ ಬುಕಿಂಗ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಸಿಕ್ಕಿಬಿದ್ದರೆ ವೀಸಾ ತಿರಸ್ಕಾರವಾಗುವುದು ನಿಮಗೆ, ಅವರಿಗಲ್ಲ. ಉಚಿತವಾಗಿ ರದ್ದು ಮಾಡಬಹುದಾದ ನಿಜವಾದ ಕೋಣೆಗಳೇ ಬೇಕಾದಷ್ಟಿವೆ.

ಹಂತ 4: ಕೋಣೆ

ನಾಕ್ಸೊಸ್‌ನಲ್ಲಿ ಬಂದರಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಸ್ಯಾಂಟೊರಿನಿಯಲ್ಲಿ ಬಸ್ಸುಗಳೆಲ್ಲ ಹೊರಡುವ ಫಿರಾ ಪಟ್ಟಣದಲ್ಲಿ ಹಿಡಿಯಿರಿ. ರಾತ್ರಿ ಲೆಕ್ಕದ ಸರ್ಕಾರಿ ತೆರಿಗೆಯನ್ನು ಹೋಟೆಲ್‌ನಲ್ಲೇ ಬೇರೆಯಾಗಿ ಕೇಳುತ್ತಾರೆ, ಗಾಬರಿಯಾಗಬೇಡಿ.

ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಹೊತ್ತು ಹೋಗಬೇಕಿಲ್ಲ. "ನಿಸ್ತೀಸಿಮೊ" ಎಂಬ ಒಂದು ಪದ ಕಲಿಯಿರಿ. ಚರ್ಚಿನ ಉಪವಾಸದ ದಿನಗಳ ಊಟ ಎಂದರ್ಥ, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಸಿಗಡಿಯಂಥವು ಇರಬಹುದು, ಕೇಳಿಕೊಳ್ಳಿ. ಸ್ಯಾಂಟೊರಿನಿಯ "ಫಾವಾ" ಹಳದಿ ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ಆಲಿವ್ ಎಣ್ಣೆ ಸುರಿದದ್ದು, ನಮ್ಮ ತೊವ್ವೆಯ ದಾಯಾದಿ. ಟೊಮೆಟೊದೊಳಗೆ ಅನ್ನ ತುಂಬಿದ "ಗೆಮಿಸ್ತಾ" ಕೇಳುವಾಗ ಮಾತ್ರ "ಕಿಮಾ" ಇದೆಯೇ ಎಂದು ವಿಚಾರಿಸಿ. ಖೀಮಾಕ್ಕೆ ಅವರ ಪದವೂ ಅದೇ.

ಕೊನೆಗೆ ಅಕ್ರೊಪೊಲಿಸ್, ಅಥೆನ್ಸ್‌ನ ಗುಡ್ಡದ ಮೇಲಿನ ಪ್ರಾಚೀನ ದೇಗುಲಗಳ ತಾಣ. ಟಿಕೆಟ್ಟಿನಲ್ಲಿ ಒಳಹೋಗುವ ಸಮಯ ನಮೂದಾಗಿರುತ್ತದೆ, ಅದನ್ನು ಆನ್‌ಲೈನ್‌ನಲ್ಲೇ ಕೊಳ್ಳಿ. ಹಡಗಿನಿಂದ ಇಳಿದ ಮರುದಿನಕ್ಕೆ ಬೇಡ, ಅದರ ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ಇಟ್ಟುಕೊಳ್ಳಿ. ಲಕ್ಷಾಂತರ ಜನ ತುಳಿದು ನುಣುಪಾದ ಅಮೃತಶಿಲೆಯ ಮೇಲೆ ಚಪ್ಪಲಿ ಜಾರುತ್ತದೆ. ರಬ್ಬರ್ ಅಟ್ಟೆಯ ಶೂ ಹಾಕಿಕೊಂಡು ಹತ್ತಿ.