ನೆರೆ ಇಳಿದ ಮೇಲೆ ತೊರೆಗಿಳಿಯುವ ಅನುಮತಿ

2024ರ ಅಕ್ಟೋಬರ್ ಎರಡನೆಯ ವಾರ. ಅಮೆರಿಕದ ಉತ್ತರ ಕೆರೊಲಿನಾದ ಪಶ್ಚಿಮ ಬೆಟ್ಟಗಳ ಒಂದು ಕಣಿವೆಯಲ್ಲಿ ನಿಂತಿದ್ದೆ. ತೊರೆಯ ಆಚೆ ಮನೆ, ಈಚೆ ರಸ್ತೆ. ನಡುವೆ ಇದ್ದ ಖಾಸಗಿ ಸೇತುವೆ ಇರಲಿಲ್ಲ. ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆ ಅದನ್ನು ಕೊಚ್ಚಿಕೊಂಡು ಹೋಗಿತ್ತು. ಆ ನೆರೆಯಲ್ಲಿ ಆಶ್‌ವಿಲ್ ಪಟ್ಟಣದ ಫ್ರೆಂಚ್ ಬ್ರಾಡ್ ನದಿ 1916ರ ದಾಖಲೆಯನ್ನೂ ಮೀರಿ ಏರಿತ್ತು. ಮನೆಯೊಡತಿಗೆ ಎಪ್ಪತ್ತು ದಾಟಿದೆ, ಒಬ್ಬರೇ ಇರುವವರು. ಎರಡು ಅಲ್ಯೂಮಿನಿಯಂ ಏಣಿಗಳ ಮೇಲೆ ಹಲಗೆ ಹಾಸಿಕೊಂಡು ಓಡಾಡುತ್ತಿದ್ದರು. ಅನುಮತಿ ಪಡೆದು ಸೇತುವೆ, ದಂಡೆಗಳನ್ನು ಮತ್ತೆ ಕಟ್ಟಿಸುವ ಕೆಲಸ ನನ್ನದಾಗಿತ್ತು. ತೀರ್ಥಹಳ್ಳಿ ಕಡೆಯ ಕಾಲುಸಂಕ ದಾಟಿ ಶಾಲೆಗೆ ಹೋದವನು ನಾನು. ಸಂಕ ಹೋದ ಮನೆಯ ಪಾಡು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಕ್ಕದ ಜಮೀನಿನವರು ಆಗಲೇ ಹಿಟಾಚಿ ತಂದು ನಿಲ್ಲಿಸಿದ್ದರು. "ಒಂದು ದಿನದ ಕೆಲಸ. ತೊರೆಯ ಕಲ್ಲನ್ನೇ ಎತ್ತಿ ದಂಡೆಗೆ ಜೋಡಿಸಿ, ಎರಡು ಪೈಪ್ ಇಟ್ಟು ಮಣ್ಣು ಮುಚ್ಚಿಬಿಡೋಣ" ಎಂದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೂ ತಡೆದೆ. ಅವರನ್ನು ಕರೆದುಕೊಂಡು ಹೋಗಿ ನೀರಿನ ತಳದಲ್ಲಿದ್ದ ಚಪ್ಪಡಿ ಕಲ್ಲುಗಳನ್ನು ತೋರಿಸಿದೆ. ಇಂಥ ಕಲ್ಲಿನ ಅಡಿಯ ಪೊಟರೆಯಲ್ಲಿ ಹೆಲ್‌ಬೆಂಡರ್ ಎಂಬ ಸಲಮಾಂಡರ್, ಅಂದರೆ ಹಲ್ಲಿಯಂತೆ ಕಾಣುವ ಉಭಯಚರ, ಬದುಕುತ್ತದೆ. ಎರಡು ಅಡಿಯವರೆಗೂ ಬೆಳೆಯುವ ಈ ಜೀವಿ ಚರ್ಮದಿಂದಲೇ ಉಸಿರಾಡುತ್ತದೆ. ಶರತ್ಕಾಲದಲ್ಲಿ ಗಂಡು ಆ ಪೊಟರೆಯೊಳಗೆ ಮೊಟ್ಟೆ ಕಾಯುತ್ತದೆ. ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವ ಪ್ರಸ್ತಾಪ ಅದೇ ಡಿಸೆಂಬರ್‌ನಲ್ಲಿ ಹೊರಬಿತ್ತು. ಕಲ್ಲು ಎತ್ತಿದರೆ ಅದರ ಮನೆ ಹೋಯಿತು. ಹೂಳು ತುಂಬಿದರೂ ಹೋಯಿತು. ಮೇಲಾಗಿ, ಕಲ್ಲು ತೆಗೆದು ನೆಟ್ಟಗೆ ಮಾಡಿದ ತೊರೆ ಇನ್ನಷ್ಟು ರಭಸದಿಂದ ಹರಿದು ಕೆಳಗಿನ ಮನೆಯವರ ದಂಡೆಯನ್ನು ಕೊರೆಯುತ್ತದೆ. ಕೆಳಗಿನ ಮನೆ ಆ ಪಕ್ಕದ ಜಮೀನಿನವರದೇ ಆಗಿತ್ತು. ಅವರು ಯಂತ್ರದ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಇಲ್ಲಿ ಶುದ್ಧ ಜಲ ಕಾಯ್ದೆಯ ಪ್ರಕಾರ ಎರಡು ಒಪ್ಪಿಗೆ ಬೇಕು. ತೊರೆಯೊಳಗೆ ಕಲ್ಲು, ಮಣ್ಣು, ಕಾಂಕ್ರೀಟ್ ಹಾಕುವುದಕ್ಕೆ ಸೆಕ್ಷನ್ 404ರಡಿ ಸೇನೆಯ ಇಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್ ಅನುಮತಿ. ಆ ಕೆಲಸದಿಂದ ನೀರಿನ ಗುಣಮಟ್ಟ ಕೆಡುವುದಿಲ್ಲ ಎಂದು ಸೆಕ್ಷನ್ 401ರಡಿ ರಾಜ್ಯದ ಪ್ರಮಾಣಪತ್ರ. ಪ್ರತಿ ಸೇತುವೆಗೂ ಹೊಸದಾಗಿ ಎಲ್ಲವನ್ನೂ ನಡೆಸಬೇಕಾಗಿಲ್ಲ. ಸಣ್ಣ ಕೆಲಸಗಳಿಗೆ ನೇಷನ್‌ವೈಡ್ ಪರ್ಮಿಟ್ ಎಂಬ ಸಿದ್ಧ ಅನುಮತಿಗಳಿವೆ. ಮೊದಲೇ ಇದ್ದ ಕಟ್ಟಡದ ದುರಸ್ತಿಗೆ 3ನೆಯದು, ದಂಡೆಯ ರಕ್ಷಣೆಗೆ 13ನೆಯದು, ಬಿರುಗಾಳಿ ಅಥವಾ ನೆರೆಯಲ್ಲಿ ಕಳೆದುಕೊಂಡ ನೆಲವನ್ನು ಮರಳಿ ಕಟ್ಟಿಕೊಳ್ಳಲು 45ನೆಯದು. ನನಗೆ ಬೇಕಾಗಿದ್ದುದು 45. ಇದರಲ್ಲಿ ಹಾನಿಯಾದ 12 ತಿಂಗಳೊಳಗೆ ಅರ್ಜಿ ಹಾಕಬೇಕು, ಎರಡು ವರ್ಷದೊಳಗೆ ಕೆಲಸ ಶುರುವಾಗಬೇಕು ಇಲ್ಲವೇ ಗುತ್ತಿಗೆಯಾದರೂ ಆಗಿರಬೇಕು. ನೆರೆಗೆ ಮುಂಚೆ ದಂಡೆ ಎಲ್ಲಿತ್ತೋ ಅಲ್ಲಿಯವರೆಗೆ ಮಾತ್ರ ಕಟ್ಟಬಹುದು, ಒಂದು ಅಡಿಯೂ ಮುಂದಕ್ಕಲ್ಲ.

ಹಾಗಾದರೆ ಮುಂಚೆ ದಂಡೆ ಎಲ್ಲಿತ್ತು? ನನ್ನ ಮೊದಲ ಅರ್ಜಿ ಮರಳಿ ಬಂದದ್ದು ಇದೇ ಪ್ರಶ್ನೆಯ ಮೇಲೆ. ಸಾಮಾನ್ಯ ಮೇಲ್ಮಟ್ಟದ ಗೆರೆ, ಅಂದರೆ ವರ್ಷವರ್ಷವೂ ನೀರು ಸಹಜವಾಗಿ ಮುಟ್ಟುವ ಮಟ್ಟ, ಕಾನೂನಿನ ಅಳತೆಗೆಲ್ಲ ಅದೇ ಆಧಾರ. ನಾನು ಆತುರದಲ್ಲಿ ನೆರೆ ಕೆತ್ತಿದ ಹೊಸ ಅಂಚನ್ನೇ ಆ ಗೆರೆಯೆಂದು ಗುರುತಿಸಿದ್ದೆ. ಮೂವತ್ತೆಂಟು ಅಡಿ ಅಗಲ ಬಂದಿತ್ತು. ಕೋರ್ ಕಚೇರಿಯವರು ಒಪ್ಪಲಿಲ್ಲ, ಒಪ್ಪದೆ ಇದ್ದದ್ದು ಸರಿ.

ಮತ್ತೆ ತೊರೆಗೆ ಹೋದೆ. ಅಲ್ಲಿ ಪಾಚಿ, ಬೇರು, ಹುಲ್ಲು ಎಲ್ಲ ಕಿತ್ತುಹೋಗಿ ಹಳೆಯ ಗುರುತು ಒಂದೂ ಉಳಿದಿರಲಿಲ್ಲ. ಮುನ್ನೂರು ಅಡಿ ಮೇಲಕ್ಕೆ ಹತ್ತಿದಾಗ ಎರಡೂ ಕಡೆ ಹಾಸುಬಂಡೆ ಇರುವ ಒಂದು ಇಕ್ಕಟ್ಟು ಜಾಗ ಸಿಕ್ಕಿತು. ಬಂಡೆಯ ಮೇಲೆ ಕಪ್ಪು ಕಲೆ ಎಲ್ಲಿ ಮುಗಿದು ಹಾವಸೆ ಎಲ್ಲಿ ಶುರುವಾಗುತ್ತದೆ ಎಂಬುದು ಸೀಮೆಸುಣ್ಣದ ಗೀಟಿನಷ್ಟು ಸ್ಪಷ್ಟವಾಗಿತ್ತು. ಟೇಪ್ ಹಿಡಿದೆ: ಇಪ್ಪತ್ತನಾಲ್ಕು ಅಡಿ. ಅಷ್ಟು ಜಲಾನಯನ ಪ್ರದೇಶದ ಬೆಟ್ಟದ ತೊರೆ ಎಷ್ಟು ಅಗಲವಿರಬೇಕೆಂದು ಇಲ್ಲಿನ ಪ್ರಾದೇಶಿಕ ಲೆಕ್ಕ ಹೇಳುತ್ತದೋ ಅದಕ್ಕೂ ಇದು ಹೊಂದಿತು. ಮನೆಯೊಡತಿ ಹುಡುಕಿ ಕೊಟ್ಟ ಒಂದು ಹಳೆಯ ಫೋಟೋ ಇನ್ನೂ ಹೆಚ್ಚು ನೆರವಾಯಿತು: ಸೇತುವೆಯ ಮೇಲೆ ಮೊಮ್ಮಗ ಗಾಳ ಹಿಡಿದು ನಿಂತಿದ್ದಾನೆ, ಅವನ ಹಿಂದೆ ದಂಡೆಯ ಅಂಚು, ಒಂದು ಸಿಕಮೋರ್ ಮರ. ಮರದ ಬುಡ ಇನ್ನೂ ಇತ್ತು, ಅಲ್ಲಿಂದ ಅಳೆದೆವು. ಅಂದಿನಿಂದ ನೆರೆಹಾನಿಯ ಮನೆಗಳಿಗೆ ಹೋದಾಗ ನಾನು ಕೇಳುವ ಮೊದಲ ಮಾತು, "ಹಳೆಯ ಆಲ್ಬಮ್ ಇದೆಯೇ?"

ಗೆರೆ ಸಿಕ್ಕ ಮೇಲೆ ವಿನ್ಯಾಸವನ್ನೇ ಬದಲಿಸಿದೆ. ಹಳೆಯ ಸೇತುವೆಯ ಎರಡೂ ಕಟ್ಟೆಗಳು ನೀರಿನೊಳಗೆ ಕಾಲು ಚಾಚಿದ್ದವು. ಕೊಚ್ಚಿಬಂದ ಮರಗಳು ಸಿಕ್ಕಿಕೊಂಡದ್ದು ಅಲ್ಲೇ. ಹೊಸ ಕಟ್ಟೆಗಳನ್ನು ಗೆರೆಯಿಂದ ಐದೈದು ಅಡಿ ಹಿಂದಕ್ಕೆ ಸರಿಸಿ ಮೂವತ್ತನಾಲ್ಕು ಅಡಿಯ ಉಕ್ಕಿನ ತೊಲೆ ಹಾಕಿದೆವು. ತೊಲೆಗೆ ಖರ್ಚು ಹೆಚ್ಚಾಯಿತು. ಆದರೆ ಸೇತುವೆಯಿಂದ ತೊರೆಗೆ ಬೀಳುವುದು ಏನೂ ಇಲ್ಲವಾದ್ದರಿಂದ ಅದಕ್ಕೆ 404 ಬೇಕಾಗಲೇ ಇಲ್ಲ. ಅನುಮತಿ ಬೇಕಾದದ್ದು ಅರವತ್ತು ಅಡಿ ದಂಡೆಗೆ ಮಾತ್ರ. ಸಾಧ್ಯವಿರುವ ಕಡೆಯಲ್ಲೆಲ್ಲ ಇದನ್ನೇ ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಕಂದು ಟ್ರೌಟ್ ಎಂಬ ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ನೀರಿಗೆ ಇಳಿಯುವಂತಿರಲಿಲ್ಲ. ಏಣಿಯ ಬದಲು ಎರಡು ದಡದ ಮೇಲೂ ಕೂರುವ ಗಟ್ಟಿ ಕಾಲುಸಂಕ ಹಾಕಿಕೊಟ್ಟು ಚಳಿಗಾಲ ಕಳೆದೆವು. ಮನೆಯೊಡತಿಗೆ ಅದು ದೊಡ್ಡ ಕಷ್ಟವೇ. ಗ್ಯಾಸ್ ಸಿಲಿಂಡರ್ ಹೊತ್ತು ದಾಟಿಸುವಾಗಲೆಲ್ಲ ನನಗೆ ಮುಜುಗರವಾಗುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ದಂಡೆಯ ಬುಡದ ಸುತ್ತ ಮರಳುಚೀಲ ಕಟ್ಟಿ, ಒಳಗಿನ ನೀರನ್ನು ಪಂಪ್ ಮಾಡಿ, ಒಣನೆಲದಲ್ಲಿ ಕಲ್ಲು ಕೂರಿಸತೊಡಗಿದೆವು. ಕ್ವಾರಿಯಿಂದ ತಂದ, ಪುಡಿಯಿಲ್ಲದ ಕಲ್ಲು. ಟ್ರೌಟ್ ಮೀನಿನ ತೊರೆಗಳಲ್ಲಿ ರಾಡಿಯ ಮಿತಿ 10 ಎನ್‌ಟಿಯು (ನೀರು ಎಷ್ಟು ಕದಡಿದೆ ಎಂದು ಅಳೆಯುವ ಮಾನ). ಬೇರೆ ತೊರೆಗಳಲ್ಲಿ 50. ಮೇಲಿನಿಂದ ಬರುವ ನೀರೇ ಸಹಜವಾಗಿ ಅದನ್ನು ಮೀರಿದ್ದರೆ ಅದಕ್ಕಿಂತ ಹೆಚ್ಚಿಸುವಂತಿಲ್ಲ. ಆದ್ದರಿಂದ ಎರಡು ಗಂಟೆಗೊಮ್ಮೆ ಮೇಲೊಂದು ಕೆಳಗೊಂದು ಬಾಟಲಿ ತುಂಬಿ ಮೀಟರಿಗೆ ಇಡುತ್ತಿದ್ದೆ. ಮೊದಲ ದಿನ ಹನ್ನೊಂದು ಗಂಟೆಗೆ ಮೇಲೆ 4, ಕೆಳಗೆ 31. ಕಣ್ಣಿಗೆ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಕಾಣುತ್ತಿತ್ತು, ಗಂಜಿ ತಿಳಿಯಷ್ಟು ಮಾತ್ರ ಮಬ್ಬು. ಕೆಲಸ ನಿಲ್ಲಿಸಿ ಹುಡುಕಿದರೆ ಪಂಪಿನ ಕೊಳವೆ ದಡದ ಮಣ್ಣನ್ನು ಕೊರೆಯುತ್ತಿತ್ತು. ಕೊಳವೆಯನ್ನು ಹುಲ್ಲಿನ ಮೇಲಿಟ್ಟ ಸೋಸುಚೀಲಕ್ಕೆ ತಿರುಗಿಸಿದೆವು. ಮಧ್ಯಾಹ್ನ ಒಂದು ಗಂಟೆಗೆ ಕೆಳಗೆ 8 ಬಂತು. ಆಮೇಲೆ ಯಂತ್ರ ಮತ್ತೆ ಹೊರಟಿತು.

ಕಾಂಕ್ರೀಟ್ ಸುರಿದ ದಿನ ನನಗೆ ಇದಕ್ಕಿಂತ ಹೆಚ್ಚು ಭಯ. ಹಸಿ ಸಿಮೆಂಟಿನ ನೀರು ತೊರೆಗೆ ಸೇರಿದರೆ ಪಿಎಚ್ ಏರಿ ಮೀನು ಸಾಯುತ್ತವೆ. ಲಾರಿಯ ಡ್ರಮ್ಮನ್ನು ರಸ್ತೆಯಾಚೆ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ತೊಳೆಸಿದೆ, ಅದು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.

ಕೊನೆಗೆ ಉಳಿದದ್ದು ದಂಡೆಯ ಹಸಿರು. ಎಲೆಯುದುರಿದ ಮೇಲೆಯೇ ಕಡ್ಡಿ ನೆಡಬೇಕಾದ್ದರಿಂದ ಡಿಸೆಂಬರ್‌ವರೆಗೆ ಕಾದೆವು. ಮೂರು ಅಡಿಯ ವಿಲ್ಲೋ ಮತ್ತು ಡಾಗ್‌ವುಡ್ ಕಡ್ಡಿಗಳನ್ನು, ಮೊಗ್ಗು ಮೇಲ್ಮುಖವಾಗಿರುವಂತೆ, ಕಲ್ಲಿನ ಸಂದಿಗಳಿಗೆ ಸುತ್ತಿಗೆಯಿಂದ ಬಡಿದು ಇಳಿಸಿದೆವು. ಮನೆಯೊಡತಿ ಹೊಸ ಸೇತುವೆಯ ಮೇಲೆ ಕಾರು ನಿಲ್ಲಿಸಿ ಇಳಿದು ಬಂದು, ಒಂದೊಂದೇ ಕಡ್ಡಿಯನ್ನು ಬಕೆಟ್ಟಿನ ನೀರಿನಿಂದ ತೆಗೆದು ಕೈಗೆ ಕೊಡುತ್ತಾ ಹೋದರು.