ಅರ್ಧ ವ್ಯಾಟ್‌ನಲ್ಲಿ ಕುಮಾರಪರ್ವತ: ನಮ್ಮ ಗುಂಪಿನ ವಾಕಿಟಾಕಿ ಅನುಭವ

ಅರ್ಧ ವ್ಯಾಟ್ ವಾಕಿಟಾಕಿ ಹಿಡಿದು ಕುಮಾರಪರ್ವತ ಹತ್ತಿದರೆ ಏನೂ ಪ್ರಯೋಜನ ಇಲ್ಲ ಅಂತ ನಮಗೆ ಹೇಳದವರೇ ಇರಲಿಲ್ಲ. ಹಳೆಯ ಚಾರಣಿಗರು ಸೀಟಿ ಸಾಕು ಅಂದರು. ರೇಡಿಯೋ ಗೊತ್ತಿದ್ದವರು ಐದು ವ್ಯಾಟ್ ಇಲ್ಲದೆ ಕಾಡಿನಲ್ಲಿ ಮಾತೇ ದಾಟುವುದಿಲ್ಲ ಅಂದರು. ಈಗ ಒಂದೆರಡು ಸೀಸನ್ ಕಳೆದಿದೆ. ಅದೇ ಅರ್ಧ ವ್ಯಾಟ್ ಸೆಟ್‌ಗಳಲ್ಲಿ ಇಪ್ಪತ್ತು ಜನರ ಗುಂಪನ್ನು ಹತ್ತಿಸಿ ಇಳಿಸುತ್ತಿದ್ದೇವೆ. ಇಷ್ಟು ಕಡಿಮೆ ಖರ್ಚಿನಲ್ಲಿ ಬೇರೆ ಗುಂಪು ಯಾವುದೂ ಇದನ್ನು ಮಾಡಿದ್ದು ನಾನಂತೂ ನೋಡಿಲ್ಲ.

ಮೊದಲು ಹೋದ ದುಡ್ಡಿನ ಕಥೆ ಹೇಳುತ್ತೇನೆ. ಶುರುವಿನಲ್ಲಿ ಒಂದು ಆನ್‌ಲೈನ್ ಅಂಗಡಿಯಿಂದ ಮೂರು ಸಾವಿರ ಚಿಲ್ಲರೆಗೆ ಒಂದು ಜೋಡಿ ತರಿಸಿದೆವು. ಡಬ್ಬದ ಮೇಲೆ ಐದು ಕಿಲೋಮೀಟರ್ ಅಂತ ದೊಡ್ಡದಾಗಿ ಬರೆದಿತ್ತು. ಫ್ರೀಕ್ವೆನ್ಸಿ ಯಾವುದು ಅಂತ ಎಲ್ಲೂ ಇರಲಿಲ್ಲ. ಹ್ಯಾಮ್, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋ ಗೆಳೆಯರೊಬ್ಬರು, ತಮ್ಮ ಸೆಟ್‌ನಲ್ಲಿ ಹುಡುಕಿ ನೋಡಿದರೆ 462 ಮೆಗಾಹರ್ಟ್ಸ್! ಅಮೆರಿಕದ ಬ್ಯಾಂಡ್ ಅದು, ನಮ್ಮಲ್ಲಿ ಬಳಸುವಂತಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ 2018ರ ನಿಯಮದ ಪ್ರಕಾರ ಲೈಸೆನ್ಸ್ ಇಲ್ಲದೆ ವಾಕಿಟಾಕಿಯಲ್ಲಿ ಮಾತಾಡಲು ಇರುವುದು 446.0ರಿಂದ 446.2 ಮೆಗಾಹರ್ಟ್ಸ್. ಸೆಟ್‌ಗೆ ಕೇಂದ್ರ ಸರ್ಕಾರದ ರೇಡಿಯೋ ವಿಭಾಗವಾದ ಡಬ್ಲ್ಯುಪಿಸಿಯ ಟೈಪ್ ಅಪ್ರೂವಲ್ (ಆ ಮಾದರಿಗೆ ಒಪ್ಪಿಗೆ) ಕೂಡ ಬೇಕು. ಇದನ್ನು ಮಾರುವವರು ಸ್ಪಷ್ಟವಾಗಿ ಹೇಳಬೇಕು ಅಂತ 2025ರಲ್ಲಿ ಮಾರ್ಗಸೂಚಿಯೂ ಬಂದಿದೆ. ಆದರೂ ನೀವೇ ಕೇಳಿ, ಪ್ರಮಾಣಪತ್ರ ತರಿಸಿಕೊಂಡು ನೋಡಿ, ಆಮೇಲೆ ದುಡ್ಡು ಕೊಡಿ.

ಎರಡನೇ ಸಲ ತಲೆಗೆ ಸಾವಿರದ ಹತ್ತಿರ ಹಾಕಿದೆವು. ಇಪ್ಪತ್ತು ಸಾವಿರದ ಆಸುಪಾಸು ಕೂಡಿತು. ಅದರಲ್ಲಿ ಆರು ಸೆಟ್, ಎನಿಲೂಪ್ ರೀಚಾರ್ಜ್ ಸೆಲ್‌ಗಳು, ಒಂದು ಚಾರ್ಜರ್ ಬಂತು. ಸೆಟ್ ಯಾರ ಸ್ವಂತದ್ದೂ ಅಲ್ಲ, ಗುಂಪಿನದು. ಇದು ಮುಖ್ಯ. ಸ್ವಂತ ಸೆಟ್ ಇದ್ದವರು ತಮ್ಮ ಗೆಳೆಯರ ಜೊತೆ ಮಾತ್ರ ಮಾತಾಡುತ್ತಾ ಹೋಗುತ್ತಾರೆ. ಗುಂಪಿನ ಸೆಟ್ ಆದರೆ ಯಾರ ಕೈಗೆ ಕೊಡಬೇಕು ಅಂತ ನಾವು ತೀರ್ಮಾನಿಸಬಹುದು.

ಮೊದಮೊದಲು ಎಲ್ಲರೂ ಮಾಡುವಂತೆ ಲೀಡ್‌ಗೆ (ಎಲ್ಲರಿಗಿಂತ ಮುಂದೆ ನಡೆಯುವವರು) ಒಂದು, ಸ್ವೀಪ್‌ಗೆ (ಎಲ್ಲರ ಹಿಂದೆ ಬರುವವರು) ಒಂದು ಕೊಟ್ಟೆವು. ಸುಬ್ರಹ್ಮಣ್ಯದ ಕಡೆಯಿಂದ ಹತ್ತುವಾಗ ದಾರಿಯ ನಡುವೆ ಸಿಗುವ ಗಿರಿಗದ್ದೆಯವರೆಗಿನ ಕಾಡಿನಲ್ಲಿ ಹತ್ತು ನಿಮಿಷಕ್ಕೇ ಮಾತು ನಿಂತಿತು. ಮಳೆ ಬಿದ್ದು ಎಲೆ ಒದ್ದೆಯಾಗಿದ್ದರೆ ಇನ್ನೂರು, ಮುನ್ನೂರು ಮೀಟರ್, ಅಷ್ಟೇ. ಮೇಲೆ ಹುಲ್ಲುಗಾವಲಿಗೆ ಬಂದರೆ ಅದೇ ಸೆಟ್ ಮೂರು ನಾಲ್ಕು ಕಿಲೋಮೀಟರ್ ಸಲೀಸಾಗಿ ಹೋಗುತ್ತಿತ್ತು. ಮತ್ತೆ ಶಿಖರಕ್ಕೆ ಮುಂಚೆ ಸಿಗುವ ಶೇಷಪರ್ವತ ದಾಟಿ ಶೋಲಾ ಕಾಡಿಗೆ (ಬೆಟ್ಟದ ಕಣಿವೆಯ ದಟ್ಟ ಕಾಡು) ಇಳಿದರೆ ಸದ್ದೇ ಇಲ್ಲ. ಹಿಂದಿನವರು ಎಲ್ಲಿದ್ದಾರೆ ಅಂತ ಬೇಕಾಗುವುದೇ ಅಲ್ಲಿ. ಬಂಡೆ ಜಾರುವುದೂ ಅಲ್ಲೇ.

ಇದಕ್ಕೆ ಉತ್ತರ ಪವರ್‌ನಲ್ಲಿ ಇರಲಿಲ್ಲ. ಮನುಷ್ಯರು ಎಲ್ಲಿ ನಿಲ್ಲುತ್ತಾರೆ ಅನ್ನುವುದರಲ್ಲಿ ಇತ್ತು. ಮೂರನೇ ಸೆಟ್ ಅನ್ನು ನಡುವಿನವರಿಗೆ ಕೊಟ್ಟೆವು. ಅವರ ಕೆಲಸ ನಡೆಯುವುದಲ್ಲ, ನಿಲ್ಲುವುದು. ಗುಡ್ಡದ ಏಣು ಬಂದ ಕಡೆ, ಎರಡೂ ಬದಿ ಕಾಣುವ ಜಾಗದಲ್ಲಿ ನಿಂತು ಮುಂದಿನವರ ಮಾತನ್ನು ಹಿಂದಿನವರಿಗೆ, ಹಿಂದಿನವರದನ್ನು ಮುಂದಿನವರಿಗೆ ದಾಟಿಸಬೇಕು. ಶೇಷಪರ್ವತದ ನೆತ್ತಿಯಲ್ಲಿ ನಡುವಿನವರು ನಿಂತು "ಸರಿ" ಅನ್ನುವವರೆಗೆ ಲೀಡ್ ಕೆಳಗಿನ ಕಾಡಿಗೆ ಇಳಿಯುವಂತಿಲ್ಲ. ಲೀಡ್ ಶಿಖರ ತಲುಪಿದರೆ ಎರಡು ನೆತ್ತಿಯ ನಡುವೆ ಮಾತು ಸ್ಪಷ್ಟ. ನಡುವಿನ ಕಣಿವೆಯಲ್ಲಿ ಇದ್ದವರಿಗೆ ಎರಡರಲ್ಲಿ ಒಂದಾದರೂ ಸಿಗುತ್ತದೆ. ನಾಲ್ಕನೇ ಸೆಟ್ ಕೆಳಗೆ ಗಿರಿಗದ್ದೆಯಲ್ಲಿ ಉಳಿದವರ ಹತ್ತಿರ. ಅವರು ಪ್ರತಿ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಬಯಲಿಗೆ ಬಂದು ಕೇಳುತ್ತಾರೆ. ಇನ್ನೆರಡು ಸ್ಪೇರ್.

ನಡುವಿನ ಕೆಲಸಕ್ಕೆ ಗಟ್ಟಿಮುಟ್ಟಾದವರನ್ನು ಹಾಕಬೇಡಿ, ತಾಳ್ಮೆ ಇದ್ದವರನ್ನು ಹಾಕಿ. ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಇದ್ದಾರೆ. ಗಾಳಿಯಲ್ಲಿ ಒಂದೂವರೆ ಗಂಟೆ ನಿಂತು ಪ್ರತಿಯೊಬ್ಬರ ಹೆಸರು, ಸಮಯ ಚೀಟಿಯಲ್ಲಿ ಬರೆಯುತ್ತಾರೆ. ಅವರಿಂದಲೇ ಈ ಪದ್ಧತಿ ನಿಂತಿದೆ ಅಂದರೆ ತಪ್ಪಿಲ್ಲ.

ಸೆಟ್ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಡಿ. ಬ್ಯಾಗಿನ ಭುಜದ ಪಟ್ಟಿಗೆ, ಆಂಟೆನಾ ಮೇಲಕ್ಕೆ ಬರುವಂತೆ ಕಟ್ಟಿ. ಇದೊಂದರಿಂದಲೇ ನಮಗೆ ಕಾಡಿನಲ್ಲಿ ನೂರು ಮೀಟರ್ ಜಾಸ್ತಿ ಸಿಕ್ಕಿದೆ. ವಾಕ್ಸ್ (ಬಟನ್ ಒತ್ತದೆ ಸದ್ದಿಗೇ ಮಾತು ಹೋಗುವ ಸೌಲಭ್ಯ) ಆಫ್ ಮಾಡಿ, ಹುಲ್ಲುಗಾವಲಿನ ಗಾಳಿಗೆ ಅದು ಸುಮ್ನೆ ಆನ್ ಆಗಿ ಚಾನೆಲ್ ಕಟ್ಟಿಹಾಕುತ್ತದೆ. ಪ್ರೈವೆಸಿ ಕೋಡ್ ಕೂಡ ಬೇಡ. ಅದು ಮಾತನ್ನು ಗುಟ್ಟಾಗಿ ಇಡುವುದಿಲ್ಲ, ಬೇರೆಯವರದು ನಮಗೆ ಕೇಳದಂತೆ ಮಾಡುತ್ತದೆ ಅಷ್ಟೇ. ಸ್ಪೇರ್ ಸೆಟ್‌ನಲ್ಲಿ ಕೋಡ್ ಬೇರೆ ಇದ್ದು ಒಂದು ಸಲ ಅರ್ಧ ದಿನ ಹಾಳಾಯಿತು. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಚೆಕ್‌ಪೋಸ್ಟ್‌ನಲ್ಲಿ ಅರಣ್ಯ ಸಿಬ್ಬಂದಿಗೆ ಸೆಟ್ ತೋರಿಸಿ, ಟೈಪ್ ಅಪ್ರೂವಲ್ ಪ್ರತಿ ಒಂದು ಜೊತೆಗಿರಲಿ. ನಮಗೆ ಅಲ್ಲಿ ಯಾವತ್ತೂ ತೊಂದರೆ ಆಗಿಲ್ಲ.

ನಡುವೆ ಲೋರಾ ಬೋರ್ಡ್‌ಗಳ (ಕಡಿಮೆ ಪವರ್‌ನಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವ ರೇಡಿಯೋ) ಹುಚ್ಚೂ ಹತ್ತಿತ್ತು. ತಲಾ ಮೂರು ಸಾವಿರದಂತೆ ಎರಡು ತಂದು, 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಮೆಶ್‌ಟಾಸ್ಟಿಕ್ ಅನ್ನುವ ಸಾಫ್ಟ್‌ವೇರ್ ಹಾಕಿ ಕುದುರೆಮುಖದ ದಾರಿಯಲ್ಲಿ ನೋಡಿದೆವು. ಮುಳ್ಳೋಡಿಯಿಂದ ಮೇಲೆ ಹೊಳೆ ದಾಟುವ ಕಡೆ ಮಾತು ಬಾರದ ಜಾಗದಲ್ಲೂ ಸಂದೇಶ ಬಂತು. ನನಗೆ ಬಹಳ ಖುಷಿಯಾಯಿತು. ಆದರೆ ಸಂದೇಶ ನೋಡಲು ಮೊಬೈಲ್ ತೆಗೆಯಬೇಕು. ಮಳೆಯಲ್ಲಿ, ಕಾಲಿಗೆ ಇಂಬಳ ಹತ್ತಿರುವಾಗ ಯಾರು ತೆಗೆಯುತ್ತಾರೆ? "ನಿಲ್ಲಿ" ಅಂತ ಕಳಿಸಿದ್ದನ್ನು ಇಪ್ಪತ್ತು ನಿಮಿಷ ಬಿಟ್ಟು ಓದಿದರು. ಈಗ ಅದನ್ನು ಸ್ವೀಪ್ ಎಲ್ಲಿದ್ದಾರೆ ಅಂತ ತಿಳಿಯಲು ಮಾತ್ರ ಇಟ್ಟುಕೊಂಡಿದ್ದೇವೆ. ಸ್ಯಾಟಲೈಟ್ ಮೆಸೆಂಜರ್ ತರೋಣ ಅಂತ ವಿದೇಶದಲ್ಲಿರುವ ಗೆಳೆಯ ಹೇಳಿದ. ಅನುಮತಿ ಇಲ್ಲದೆ ಅದನ್ನು ಇಲ್ಲಿ ಬಳಸುವುದು ಅಪರಾಧ, ಇಟ್ಟುಕೊಂಡು ಬಂದವರು ಪೊಲೀಸರ ಕೈಗೆ ಸಿಕ್ಕಿದ್ದಾರೆ. ಬೇಡ ಅಂದೆ.

ಹೋದ ಸೀಸನ್‌ನಲ್ಲಿ ಪದ್ಧತಿಯ ನಿಜವಾದ ಪರೀಕ್ಷೆ ಆಯಿತು. ಶೇಷಪರ್ವತದ ಆಚೆ ಕಾಡಿನ ಬಂಡೆಯಲ್ಲಿ ಹಿಂದಿದ್ದ ಒಬ್ಬರ ಕಾಲು ಹೊರಳಿತು. ಸ್ವೀಪ್‌ಗೆ ಶಿಖರ ಸಿಗಲಿಲ್ಲ, ನಡುವಿನವರು ಸಿಕ್ಕರು. ಒಂದೇ ನಿಮಿಷದಲ್ಲಿ ಸುದ್ದಿ ಶಿಖರಕ್ಕೆ ಹೋಯಿತು. ಅಲ್ಲಿದ್ದ ನರ್ಸ್ ಗೆಳತಿ ಕ್ರೇಪ್ ಬ್ಯಾಂಡೇಜ್ ಹಿಡಿದು ಇಳಿದರು. ಇನ್ನೂ ಕಾಡಿಗೆ ಇಳಿಯದವರನ್ನು ನಡುವಿನವರು ಶೇಷಪರ್ವತದಲ್ಲೇ ತಡೆದರು. ಗಿರಿಗದ್ದೆಯವರು ತಮ್ಮ ಅರ್ಧ ಗಂಟೆಯ ಸರದಿಯಲ್ಲಿ ಕೇಳಿಸಿಕೊಂಡು ಇಬ್ಬರನ್ನು ಟಾರ್ಚ್ ಕೊಟ್ಟು ಮೇಲೆ ಕಳಿಸಿದರು. ಕತ್ತಲಾಗುವ ಮುಂಚೆ ಎಲ್ಲರೂ ಕೆಳಗಿದ್ದೆವು. ಸೀಟಿ ಊದಿದ್ದರೆ ಆ ಕಾಡಿನಲ್ಲಿ ಯಾರಿಗೆ ಏನು ಗೊತ್ತಾಗುತ್ತಿತ್ತು? ಸೀಟಿ ಸಾಕು ಅಂದಿದ್ದವರೇ ಆಮೇಲೆ ಫೋನ್ ಮಾಡಿ ಯಾವ ಸೆಟ್ ಅಂತ ಕೇಳಿದರು.

ಸೆಟ್ ಯಾವುದು ಅನ್ನುವುದಕ್ಕಿಂತ ನಡುವಿನವರು ನಿಲ್ಲುವ ಜಾಗಗಳ ನಕ್ಷೆಯೇ ನಮ್ಮ ಆಸ್ತಿ. ಗಿರಿಗದ್ದೆ ಕೆಳಗಿನ ಕಾಡಿನಲ್ಲಿ ಮಾತು ದಾಟಿಸುವ ಮೂರು ಜಾಗ ನಮಗೆ ಗೊತ್ತು, ಟ್ರೆಕಿಂಗ್ ಪೋಲ್‌ನಿಂದ ಸೆಟ್ ಎತ್ತರಿಸುವ ಒಂದು ಉಪಾಯವೂ ಇದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಬಂದವರಿಗೆ ತೋರಿಸುತ್ತೇನೆ. ಪ್ರತಿ ಚಾರಣಕ್ಕೆ ತಲೆಗೆ ಐವತ್ತು ರೂಪಾಯಿ ಸೆಟ್ ನಿಧಿಗೆ ತೆಗೆಯುತ್ತೇವೆ. ಸೆಲ್, ಕ್ಲಿಪ್, ರಿಪೇರಿ ಅದರಲ್ಲೇ ಆಗುತ್ತದೆ. ಈಗ ಒಂದಿಷ್ಟು ಉಳಿದಿದೆ. ಮಳೆ ನಿಂತ ಮೇಲೆ ಏಳನೇ ಸೆಟ್ ತಂದು ಬೆಟ್ಟದ ಇನ್ನೊಂದು ಬದಿಯ ಬೀದಹಳ್ಳಿ ಕಡೆಯಿಂದಲೂ ಒಂದು ಗುಂಪು ಹತ್ತಿಸಿ, ಎರಡು ಬದಿಯ ಗುಂಪುಗಳು ಶಿಖರದ ಮೂಲಕ ಮಾತಾಡಬಹುದಾ ಅಂತ ನೋಡಬೇಕು.