ಜಾವಾದಿಂದ ಗೋಗೆ: ಭಾಷೆ ಬದಲಿಸಿದೆ, ಕ್ಷೇತ್ರ ಬದಲಿಸಲಿಲ್ಲ

ತುಮಕೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ಎಂಜಿನಿಯರಿಂಗ್ ಮುಗಿಸಿದಾಗಿನಿಂದ ಹಣಪಾವತಿ ವ್ಯವಸ್ಥೆಗಳಿಗೆ ಜಾವಾದಲ್ಲಿ ಕೋಡ್ ಬರೆಯುತ್ತಿದ್ದ ನನಗೆ ಗೋ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಗೆ ಹೊರಳುವಾಗ ಇದ್ದ ಅಳುಕು ಕಲಿಕೆಯದಲ್ಲ. ಇಷ್ಟು ವರ್ಷಗಳ ಅನುಭವವನ್ನು ಲೆಕ್ಕಕ್ಕೆ ಹಿಡಿಯದೆ ಹೊಸಬನ ಸಂಬಳ ಕಟ್ಟಿಬಿಟ್ಟಾರು ಎಂಬುದು. ಆದ್ದರಿಂದ ಭಾಷೆಯನ್ನಷ್ಟೇ ಬದಲಿಸುವುದು, ಪಾವತಿ ಕ್ಷೇತ್ರವನ್ನು ಬಿಡಬಾರದು ಎಂದು ಮೊದಲೇ ತೀರ್ಮಾನಿಸಿಕೊಂಡೆ.

ಗೋ 2009ರಲ್ಲಿ ಗೂಗಲ್ ಹೊರತಂದ ಭಾಷೆ. ಪ್ರೋಗ್ರಾಂಗಳನ್ನು ಪೊಟ್ಟಣ ಕಟ್ಟಿ ಓಡಿಸುವ ಡಾಕರ್, ಅಂಥ ಪೊಟ್ಟಣಗಳನ್ನು ಹಲವು ಸರ್ವರ್‌ಗಳಲ್ಲಿ ನಿರ್ವಹಿಸುವ ಕುಬರ್ನೆಟೀಸ್ ಎರಡನ್ನೂ ಅದರಲ್ಲೇ ಬರೆದಿದ್ದಾರೆ. ನಮ್ಮ ಸರ್ವರ್‌ಗಳಲ್ಲಿ ಹೇಗೂ ಇವು ಇದ್ದುದರಿಂದ ಮ್ಯಾನೇಜರ್ ಅವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ರಾತ್ರಿ ಬ್ಯಾಂಕಿನಿಂದ ಬರುವ ಸೆಟಲ್‌ಮೆಂಟ್ ಫೈಲನ್ನು (ಇತ್ಯರ್ಥವಾದ ಪಾವತಿಗಳ ಪಟ್ಟಿ) ನಮ್ಮ ದಾಖಲೆಗಳೊಂದಿಗೆ ತಾಳೆ ನೋಡುವ ಪ್ರೋಗ್ರಾಂ ಒಂದನ್ನು ಮಾತ್ರ ಗೋನಲ್ಲಿ ಹೊಸದಾಗಿ ಬರೆಯುತ್ತೇನೆ, ಹಳೆಯದೂ ಪಕ್ಕದಲ್ಲಿ ಓಡುತ್ತಿರಲಿ ಎಂದು ಕೇಳಿಕೊಂಡೆ. ಬೆಳಿಗ್ಗೆ ಎರಡರ ಫಲಿತಾಂಶವೂ ಒಂದೇ ಆಗಿರಬೇಕು, ಅಷ್ಟೇ ಷರತ್ತು.

ವ್ಯಾಕರಣ ಬೇಗ ಬಂತು. ಯಶವಂತಪುರದವರೆಗಿನ ರೈಲಿನಲ್ಲಿ, ಸೀಟು ಸಿಕ್ಕ ದಿನಗಳಲ್ಲಿ ಓದಿದ್ದೇ ಸಾಕಾಯಿತು. ಬಿಡದೆ ಕಾಡಿದ್ದು ಜಾವಾದ ಚಾಳಿ: ಚಿಕ್ಕ ಕೆಲಸಕ್ಕೂ ಒಂದು ಕ್ಲಾಸ್ (ಮಾಹಿತಿಯನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಕಟ್ಟಿದ ಅಚ್ಚು), ಅದಕ್ಕೆ ಮುಂಚಿತವಾಗಿಯೇ ಒಂದು ಇಂಟರ್‌ಫೇಸ್ (ಯಾವ ಕೆಲಸಗಳು ಇರಬೇಕೆಂಬ ಪಟ್ಟಿ). ಗೋನಲ್ಲಿ ಕ್ಲಾಸೂ ಇಲ್ಲ, ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಪಡೆಯುವ ಇನ್ಹೆರಿಟೆನ್ಸೂ ಇಲ್ಲ. ಇಂಟರ್‌ಫೇಸನ್ನು ಸಾಮಾನ್ಯವಾಗಿ ಬಳಸುವ ಕಡೆಯವರೇ ತಮಗೆ ಬೇಕಾದಷ್ಟು ಬರೆದುಕೊಳ್ಳುತ್ತಾರೆ.

ಇನ್ನೊಂದು ವ್ಯತ್ಯಾಸ ದೋಷ ನಿರ್ವಹಣೆಯದು. ಜಾವಾದಲ್ಲಿ ದೋಷ ಕಂಡಾಗ ಎಕ್ಸೆಪ್ಶನ್ ಎಂಬ ಸೂಚನೆ ಎಸೆದರೆ, ಕರೆದ ಕೋಡಿನಲ್ಲಿ ಮೇಲೆಲ್ಲೋ ಹಿಡಿದುಕೊಳ್ಳಬಹುದು. ಗೋನಲ್ಲಿ ಫಂಕ್ಷನ್ ಉತ್ತರದ ಜೊತೆಗೇ ಎರರನ್ನೂ ಕೈಗಿಡುತ್ತದೆ, ಅದು ನಿಲ್ (ಅಂದರೆ ದೋಷವಿಲ್ಲ) ಹೌದೋ ಅಲ್ಲವೋ ಎಂದು ಕರೆದ ಜಾಗದಲ್ಲೇ ನೋಡಬೇಕು. ಹೆಜ್ಜೆಹೆಜ್ಜೆಗೂ ಅದೇ ಇಫ್ ಬರೆಯುವುದು ನನಗೆ ಇವತ್ತಿಗೂ ಬೇಸರವೇ. ಆದರೆ ಮೊತ್ತದ ಜಾಗ ಖಾಲಿಯಿದ್ದ ಸಾಲೊಂದು ಫೈಲಿನಲ್ಲಿ ಬಂದಾಗ ಆ ಇಫ್ ನನ್ನಿಂದ ಉತ್ತರ ಕೇಳಿತು: ಸಾಲನ್ನು ಬಿಟ್ಟು ಮುಂದೆ ಹೋಗಬೇಕೇ, ಫೈಲನ್ನೇ ನಿಲ್ಲಿಸಬೇಕೇ? ಲೆಕ್ಕಪತ್ರ ವಿಭಾಗದವರೊಡನೆ ಕೂತು, ಅಂಥ ಸಾಲನ್ನು ಅದರ ಸಂಖ್ಯೆಯೊಂದಿಗೆ ಬೇರೆಯಾಗಿ ಎತ್ತಿಡುವುದು, ಕೊನೆಯ ಸಾಲಿನ ಒಟ್ಟು ಮೊತ್ತ ಹೊಂದದಿದ್ದರೆ ಮಾತ್ರ ಫೈಲನ್ನು ಪೂರ್ತಿ ತಡೆಯುವುದು ಎಂದು ನಿಶ್ಚಯಿಸಿದೆವು. ಈ ನಿರ್ಧಾರಕ್ಕೆ ಒದಗಿದ್ದು ಪಾವತಿ ಕೆಲಸದಲ್ಲಿ ಕಳೆದ ವರ್ಷಗಳೇ ಹೊರತು ಭಾಷೆಯಲ್ಲ.

ಮುಂದೆ ಬೇರೆ ಕಂಪನಿಯ ಸಂದರ್ಶನದಲ್ಲಿಯೂ ಹಾಗೆಯೇ ಆಯಿತು. ಗೊರೂಟೀನ್ (ಗೋನಲ್ಲಿ ಏಕಕಾಲಕ್ಕೆ ಓಡಿಸಬಹುದಾದ ಹಗುರ ಕೆಲಸ), ಚಾನೆಲ್ (ಅವುಗಳ ನಡುವೆ ಮಾಹಿತಿ ಸಾಗಿಸುವ ದಾರಿ), ಒಂದೇ ಮ್ಯಾಪ್‌ಗೆ (ಕೀಲಿ-ಮೌಲ್ಯ ಜೋಡಿಗಳ ಕೋಷ್ಟಕ) ಹಲವು ಗೊರೂಟೀನ್‌ಗಳು ಏಕಕಾಲಕ್ಕೆ ಬರೆದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಬೇಗ ಮುಗಿದವು. ಒಂದೇ ವಹಿವಾಟು ಎರಡು ಸಲ ಬಂದರೆ ಗುರುತಿಸುವುದು ಹೇಗೆ, ಮೊತ್ತವನ್ನು ಫ್ಲೋಟ್‌ನಲ್ಲಿ, ಅಂದರೆ ಅಂದಾಜಿನ ದಶಮಾಂಶದಲ್ಲಿ, ಇಡದೆ ಪೈಸೆಯ ಪೂರ್ಣಾಂಕದಲ್ಲಿ ಏಕೆ ಇಡಬೇಕು ಎಂಬ ಚರ್ಚೆಯೇ ಉದ್ದವಾಯಿತು. ಸಂಬಳ ಇಳಿಯಲಿಲ್ಲ. ಭಾಷೆ, ಕ್ಷೇತ್ರ ಎರಡನ್ನೂ ಒಟ್ಟಿಗೆ ಬದಲಿಸಿದ ಗೆಳೆಯನೊಬ್ಬ ಮಾತ್ರ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಬೇಕಾಯಿತು.

ಜಾವಾದಲ್ಲೇ ಉಳಿದವರು ಹಿಂದೆ ಬಿದ್ದರೆಂದು ನಾನು ಹೇಳಲಾರೆ. 2023ರ ಜಾವಾ 21ರೊಂದಿಗೆ ಗೊರೂಟೀನ್‌ನಂತೆಯೇ ಹಗುರವಾದ ವರ್ಚುವಲ್ ಥ್ರೆಡ್ ಬಂದ ಮೇಲೆ, ಗೊರೂಟೀನ್ ಒಂದಕ್ಕಾಗಿಯೇ ಗೋಗೆ ಹೋಗಬೇಕು ಎನ್ನುವ ವಾದ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.